ಗುಡ್ಡದ ದಾರಿಯ ಕೋಲು

ಶಾರ್‌ಕುತ್, ಮೇ 12, 1996

ದೆಜೋ,

ನನ್ನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯಲ್ಲ, ನಿನಗೆ ಒಳ್ಳೆಯದಾಗಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಬರೆದದ್ದು ಅಂದರೆ ನಿಲ್ದಾಣದ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಗಾಡಿ ಹೊರಡುವ ಹೊತ್ತು, ಅಷ್ಟೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ಸೆಟೆದುಕೊಳ್ಳುತ್ತದೆ. ಆ ದ್ರಾಕ್ಷಿ ತೋಟದ ಗೂಡಿಗೆ ಫೋನು ಹಾಕಿಸಿಕೊ ಅಂತ ಬಡಿದುಕೊಂಡೆ. "ನೆಮ್ಮದಿ ಬೇಕಕ್ಕ" ಅಂದೆ. ನಿಮ್ಮ ಹಳ್ಳಿಯ ಹೆಂಡದಂಗಡಿಗೆ ಫೋನು ಮಾಡಿ ಮಾಡಿ ಸಾಕಾಯಿತು. "ಹೇಳ್ತೀನಿ ನೇನಿ, ಹೇಳ್ತೀನಿ" ಅನ್ನುತ್ತಾನೆ ಅಂಗಡಿಯವನು, ನಾನೇನೋ ಅವನ ಸ್ವಂತ ಚಿಕ್ಕಮ್ಮ ಅನ್ನುವ ಹಾಗೆ, ಹಿಂದೆ ಗ್ಲಾಸುಗಳ ಸದ್ದು, ನಗು. ಅವನು ಹೇಳಲಿಲ್ಲವೋ, ನೀನು ಕೇಳಿಸಿಕೊಳ್ಳಲಿಲ್ಲವೋ, ದೇವರಿಗೇ ಗೊತ್ತು.

ಮೇ ಒಂದರ ಹಬ್ಬದ ಸಂಜೆಯೇ ನೀನು ಬಸ್ಸು ಹತ್ತಿ ಹೋದೆ. ಆಮೇಲೆ ಇಲ್ಲಿ ಏನೇನಾಯಿತು ನಿನಗೆ ಗೊತ್ತಿಲ್ಲ. ಕೇಳು.

ಗಾಡಿಗಳು ಗುದ್ದಿದ್ದರ ತನಿಖೆಗೆ ಬುಡಾಪೆಸ್ಟಿನಿಂದ ಜನ ಬಂದರು. ಪಾರ್ಕಿನ ಪುಟ್ಟ ರೈಲುಗಾಡಿ ತಾನೆ ಅಂತ ನಗುನಗುತ್ತಾ ಬಂದವರು, ಆಟದ ಸಾಮಾನು ನೋಡಲು ಬಂದ ಹಾಗೆ. ಗಾಡಿಯಲ್ಲಿ ನಿನ್ನ ಪಕ್ಕ ಕೂತಿದ್ದ ವಿಲ್ಮಾ ನೇನಿಯನ್ನು ಆಸ್ಪತ್ರೆಯಲ್ಲಿ ನೋಡಿದ ಮೇಲೆ ನಗು ನಿಂತಿತು. ಅವಳ ಸೊಂಟದ ಮೂಳೆ ಮುರಿದಿದೆ. ಇನ್ನು ಹೊಲಿಗೆ ಮಿಷಿನ್ನಿನ ಮುಂದೆ ಕೂರುವುದು ಕನಸು. ನನ್ನನ್ನು ಕೂರಿಸಿಕೊಂಡು ಕೇಳಿದರು. ಇದ್ದದ್ದು ಹೇಳಿದೆ. ನಡು ನಿಲ್ದಾಣದಿಂದ ಗುಡ್ಡದ ನಿಲ್ದಾಣಕ್ಕೆ ಇರುವುದು ಒಂದೇ ಹಳಿ. ಆ ಹಳಿಗೆ ಒಂದೇ ಕೋಲು. ಕೋಲು ಯಾರ ಕೈಯಲ್ಲಿದೆಯೋ ಅವರ ಗಾಡಿ ಹೋಗಬೇಕು, ಇನ್ನೊಂದು ನಿಂತಿರಬೇಕು. ಕೋಲಿದ್ದರೆ ಯಾರನ್ನೂ ಕೇಳಬೇಕಿಲ್ಲ, ಇಲ್ಲದಿದ್ದರೆ ಮಂತ್ರಿ ಹೇಳಿದರೂ ಕದಲುವಂತಿಲ್ಲ. ಅಪ್ಪನ ಕಾಲದಿಂದ ಹಾಗೇ ನಡೆದಿದೆ. ಅವತ್ತು ಬೆಳಿಗ್ಗೆ ಕೋಲು ನಡು ನಿಲ್ದಾಣದಲ್ಲಿ, ನನ್ನ ಹತ್ತಿರ ಇತ್ತು. ಹಿಂದಿನ ದಿನ ಬಾಲಿಂತ್ ಎರಡನೇ ಎಂಜಿನ್ನನ್ನು ಗುಡ್ಡದ ಶೆಡ್ಡಿಗೆ ಬಿಟ್ಟು, ಕೋಲು ಹಿಡಿದು ನಡೆದುಕೊಂಡು ಇಳಿದು ನನ್ನ ಕೈಗೆ ಕೊಟ್ಟಿದ್ದ. ಹಬ್ಬದ ದಿನ ಅವನು ಮೊದಲ ಗಾಡಿ ತಂದ, ನಾನು ಕೋಲು ಕೊಟ್ಟೆ. ನೀನೇ ಮುಂದಿನ ಬೋಗಿಯಿಂದ ಕತ್ತು ಚಾಚಿ ನೋಡುತ್ತಿದ್ದೆ. ಎಮೋಕೆ ಗುಡ್ಡದ ಮೇಲೆ ಎರಡನೇ ಎಂಜಿನ್ ಚಾಲೂ ಮಾಡಿಕೊಂಡು ಕಾಯಬೇಕಿತ್ತು. ಕಾಯಲಿಲ್ಲ. ಖಾಲಿ ಬೋಗಿ ಎಳೆದುಕೊಂಡು ಇಳಿದೇಬಿಟ್ಟಳು. ಅಕೇಶಿಯ ಮರಗಳ ತಿರುವಿನಲ್ಲಿ ಏನಾಯಿತು ಅನ್ನುವುದನ್ನು ನಿನಗೆ ನಾನು ಹೇಳಬೇಕಿಲ್ಲ.

ಸರಿ, ತಪ್ಪು ಮಾಡಿದಳು. ತಪ್ಪಾಯಿತು ಅನ್ನಬೇಕೋ ಬೇಡವೋ? ತನಿಖೆಯವರಿಗೆ ಅವಳು ಹೇಳುವುದು ಒಂದೇ ಮಾತು:

"ಕೋಲು ನನ್ನ ಕೈಲಿತ್ತು."

"ಎಲ್ಲಿ ಸಿಕ್ತಮ್ಮ?"

"ಗುಡ್ಡದ ನಿಲ್ದಾಣದಲ್ಲಿ, ಕೊಕ್ಕೆಗೆ ನೇತುಹಾಕಿತ್ತು. ಬಾಲಿಂತ್ ನಿನ್ನೆ ನನಗೋಸ್ಕರ ಬಿಟ್ಟುಹೋಗಿದಾನೆ ಅಂದ್ಕೊಂಡೆ."

"ಈಗೆಲ್ಲಿದೆ?"

"ಗುದ್ದಿದಾಗ ಕಾಲ ಹತ್ರ ಬಿತ್ತು. ಆಮೇಲೆ ಗೊತ್ತಿಲ್ಲ."

ಹಳಿಯ ಎರಡೂ ಕಡೆ ಹುಲ್ಲು ಕೊಯ್ದು ಹುಡುಕಿದರು. ಇಲ್ಲ. ಇದ್ದದ್ದು ಬಾಲಿಂತ್‌ನ ಎಂಜಿನ್ನಿನಲ್ಲಿದ್ದ ಕೋಲು ಮಾತ್ರ, ನಾನು ಕೊಟ್ಟದ್ದು. ನಮ್ಮ ಪಾರ್ಕಿನ ನಿರ್ದೇಶಕ ಎಲ್ಲರ ಮುಂದೆ ಹಲ್ಲು ಕಿರಿದು ಕೇಳಿದ: "ಏನ್ ನೇನಿ, ನಿಮ್ಮ ಕೋಲು ಮರಿ ಹಾಕಿತಾ?" ನಾನೂ ನಕ್ಕೆ ದೆಜೋ. ಬ್ಯಾಂಡೇಜು ಸುತ್ತಿದ ಕೈ ಮಡಿಲಲ್ಲಿಟ್ಟುಕೊಂಡು, ಮುಂದಿನ ಹಲ್ಲು ಮುರಿದ ಆ ಹುಡುಗಿ ಅಲ್ಲೇ ಕೂತಿದ್ದಳು. ನಾನೂ ನಕ್ಕೆ.

ನಿನಗೆ ಹೇಳಿರಲಿಲ್ಲ, ಅಪ್ಪ ಕಡೆದ ಹಳೆಯ ಕೋಲು ಈ ಚಳಿಗಾಲದಲ್ಲಿ ಕಳೆದುಹೋಯಿತು. ಗುಡ್ಡದ ನಿಲ್ದಾಣದ ಸೂರು ರಿಪೇರಿಗೆ ಬಂದವರು ಒಲೆಗೆ ಹಾಕಿಕೊಂಡರೋ ಏನೋ. ಮಾರ್ಚಿನಲ್ಲಿ ಬೀಗ ತೆಗೆದಾಗ ಇರಲಿಲ್ಲ. ಅದಕ್ಕೂ ಎಮೋಕೆಗೇ ಬೈದಿದ್ದೆ. ವರ್ಕ್‌ಶಾಪಿನ ಲೋರಿಂತ್ಸ್ ಅದೇ ಅಳತೆಗೆ ಹೊಸದು ಮಾಡಿಕೊಟ್ಟ, ಹಬ್ಬದ ತನಕ ಎಮೋಕೆ ಅದನ್ನು ಕೈಯಲ್ಲಿ ಹಿಡಿದಿರಲೂ ಇಲ್ಲ.

ಈಗ ಕೇಸು ಹಾಕುತ್ತಾರಂತೆ. ಕೆಲಸವಂತೂ ಹೋಯಿತು. ಅವಳಿಗೆ ಎಂಜಿನ್ ಕಲಿಸಿದವನು ನೀನು. ನಿನ್ನ ಮಾತಿಗೆ ಇಲ್ಲಿ ಈಗ ಭಾರಿ ಬೆಲೆ. ಮಂಡಿ ನೋವಿದ್ದರೂ ಎಲ್ಲರಿಗಿಂತ ಮೊದಲು ಎಮೋಕೆಯ ಎಂಜಿನ್ ಹತ್ತಿರ ಓಡಿದ ಮುದುಕ ಅಂತ ಪತ್ರಿಕೆಯಲ್ಲಿ ಬಂದಿದೆ. ಟಿಕೆಟ್ ಕಿಟಕಿ ಪಕ್ಕ ನಿನ್ನ ಫೋಟೋ ಹಾಕಿದ್ದಾರೆ. ಬಂದು ನಾಲ್ಕು ಮಾತು ಆಡು. ಇವಳು ಒಳ್ಳೆಯ ಚಾಲಕಿ, ಹಬ್ಬದ ಗಡಿಬಿಡಿಯಲ್ಲಿ ತಪ್ಪಾಯಿತು ಅನ್ನು. ಇಪ್ಪತ್ತಮೂರಕ್ಕೆ ಪಂಚಾಂಗದಲ್ಲಿ ನಿನ್ನ ಹೆಸರಿನ ದಿನ. ಪೋಗಾಚಾ ರೊಟ್ಟಿ ಸುಟ್ಟಿಡುತ್ತೇನೆ, ಹಂದಿ ಕೊಬ್ಬು ಹಾಕಿದ್ದು, ನಿನಗಿಷ್ಟವಾದದ್ದು. ಬಾ.

ನಿನ್ನ ಅಕ್ಕ,
ಗಿಜಿ


ಕಿಶ್‌ಬೊರೊಶ್, ಜೂನ್ 4

ಪ್ರೀತಿಯ ಗಿಜಿ ಅಕ್ಕ,

ನಿನ್ನ ಕಾಗದ ತಲುಪಿತು. ಹೆಸರಿನ ದಿನಕ್ಕೆ ಬರಲಾಗಲಿಲ್ಲ, ಮನಸ್ಸಿಗೆ ತೆಗೆದುಕೊಳ್ಳಬೇಡ. ಮಂಡಿ ಬಾತುಕೊಂಡಿದೆ, ಇಳಿಜಾರು ಇಳಿಯುವುದೇ ಕಷ್ಟ. ಅದರ ಮೇಲೆ ಆಲಿಕಲ್ಲು ಬಿದ್ದು ದಕ್ಷಿಣದ ಸಾಲಿನ ಬಳ್ಳಿಗಳ ಚಿಗುರೆಲ್ಲ ಉದುರಿಹೋಯಿತು. ಔಷಧಿ ಹೊಡೆಯುವುದರಲ್ಲೇ ದಿನ ಹೋಗುತ್ತದೆ.

ಎಮೋಕೆ ವಿಷಯ ಕೇಳಿ ತುಂಬಾ ಸಂಕಟವಾಯಿತು. ಒಳ್ಳೆಯ ಹುಡುಗಿ. ನನ್ನದೊಂದು ಸಲಹೆ: ಹಠ ಬಿಟ್ಟುಬಿಡಲಿ. ಮರೆತೆ, ಕೋಲು ನೋಡದೆ ಹೊರಟುಬಿಟ್ಟೆ ಅಂತ ಒಪ್ಪಿಕೊಳ್ಳಲಿ. ಒಪ್ಪಿಕೊಂಡವರ ಮೇಲೆ ನ್ಯಾಯಾಧೀಶರಿಗೂ ಕರುಣೆ ಬರುತ್ತದೆ. ಅವಳಿಗಿನ್ನೂ ಚಿಕ್ಕ ವಯಸ್ಸು. ನನ್ನ ಹೆಸರಿನಲ್ಲಿ ನೀನೇ ಅವಳಿಗೆ ಹೇಳು.

ಆ ಫೋಟೋ ತೆಗೆಸಿಬಿಡಕ್ಕ. ನನಗೆ ಅಂಥದ್ದೆಲ್ಲ ಆಗಿಬರುವುದಿಲ್ಲ.

ಬಿಸಿಲಲ್ಲಿ ಹೆಚ್ಚು ನಿಲ್ಲಬೇಡ. ಚೆರಿ ಹಣ್ಣು ಕಳಿಸುತ್ತೇನೆ.

ನಿನ್ನ ತಮ್ಮ,
ದೆಜೋ


ಶಾರ್‌ಕುತ್, ಜುಲೈ 9

ದೆಜೋ,

ಚೆರಿ ಬರಲಿಲ್ಲ. ನಿನ್ನ ಸಲಹೆ ಬಂತು. ಅದನ್ನು ಎಮೋಕೆಗೆ ತಲುಪಿಸಿದೆ.

ಅವಳು ಈಗ ಪಾರ್ಕಿನ ಗೇಟಿನ ಹೊರಗೆ ಲಾಂಗೋಶ್ ಕರಿಯುವ ತಳ್ಳುಗಾಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಬೆಳಗಿಂದ ಸಂಜೆತನಕ ಕಾದ ಎಣ್ಣೆಯ ಮುಂದೆ ನಿಂತು ಹಿಟ್ಟು ಬಿಡುವುದು. ಎಡಗೈ ಮಣಿಕಟ್ಟು ನೆಟ್ಟಗೆ ಕೂಡಿಲ್ಲ, ಹಿಟ್ಟು ಎಳೆಯುವಾಗ ಮುಖ ಹಿಂಡುತ್ತಾಳೆ. ಒಳಗೆ ಗಾಡಿ ಸಿಳ್ಳೆ ಹಾಕಿದಾಗಲೆಲ್ಲ ಕೈ ನಿಲ್ಲುತ್ತದೆ. ನಾನು ಹೋದಾಗ ನಿಮ್ಮಂಥ ಗಂಡಸೇ ಒಬ್ಬ, ಹೊಟ್ಟೆ ಮುಂದೆ ಬಿಟ್ಟುಕೊಂಡವನು, ಹುಳಿ ಕೆನೆ ಜಾಸ್ತಿ ಹಾಕಿಸಿಕೊಳ್ಳುತ್ತಾ ಕೇಳಿದ:

"ಏನವ್ವಾ, ಇದಕ್ಕೂ ಕೋಲು ಬೇಕಾ, ಇಲ್ಲ ಹಾಗೇ ಕೊಡ್ತೀಯಾ?"

ಹಿಂದೆ ನಿಂತಿದ್ದವರು ಕಿಸಕ್ಕೆಂದರು. ಅವಳು ಕೆನೆ ಸವರಿ ಕೊಟ್ಟಳು. ಅವನು ಹೋದ ಮೇಲೆ ನಾನು ನಿನ್ನ ಮಾತು ಹೇಳಿದೆ. "ದೆಜೋ ಬಾಚಿ ಹೇಳಿದ್ರಾ ಹಾಗೆ? ಮಾಮನ ಹಾಗಿದ್ದ ಅವರೇನಾ?" ಅಂದಳು. ಎರಡು ಸಲ ಕೇಳಿದಳು. ಆಮೇಲೆ ಅಂದಳು:

"ಗಿಜಿ ನೇನಿ, ಸುಳ್ಳು ಹೇಳಿದ್ರೆ ಬಿಟ್ಟುಬಿಡ್ತಾರೆ ಅಂತ ನಮ್ಮ ಲಾಯರ್ರೂ ಹೇಳ್ತಾರೆ. ನನಗೆ ಕೆಲಸ ವಾಪಸ್ ಸಿಗದಿದ್ರೂ ಪರ್ವಾಗಿಲ್ಲ. ಕೋಲಿಲ್ದೆ ಹೊರಟವಳು ಅಂತ ನನ್ನ ಬಾಯಲ್ಲೇ ಹೇಳ್ಬೇಕಾ? ನನ್ನಿಂದಾಗಲ್ಲ. ವಿಲ್ಮಾ ನೇನಿ ಮುಖ ನೋಡಿ ಹೇಗೆ ಹೇಳ್ಲಿ?"

"ಹಾಗಿದ್ರೆ ಆ ಕೋಲೇನು ರೆಕ್ಕೆ ಬಂದು ಹಾರಿಹೋಯ್ತಾ?" ಅಂತ ಗದರಿದೆ.

"ಗೊತ್ತಿಲ್ಲ. ಆದ್ರೆ ಕೈಗೆ ನುಣ್ಣಗಿತ್ತು," ಅಂದಳು. "ತನಿಖೆಯವರಿಗೂ ಹೇಳ್ದೆ. ಸೋಪಿನ ಹಾಗೆ ನುಣ್ಣಗಿತ್ತು ಅಂದೆ. ನಕ್ಕರು."

ಮಾರನೆಯ ದಿನ ಕೆಲಸದ ಹೊತ್ತಿನಲ್ಲಿ ಲೋರಿಂತ್ಸ್ ಮಾಡಿದ ಹೊಸ ಕೋಲನ್ನು ಹಿಡಿದು, ಅಂಗೈಯಲ್ಲಿ ಮೇಲಿಂದ ಕೆಳಗೆ ಎಳೆದು ನೋಡಿದೆ. ಹಸಿ ಮರ. ಎರಡು ಸಿಬಿರು ಚುಚ್ಚಿಕೊಂಡವು. ಒಂದು ಇನ್ನೂ ಒಳಗೇ ಇದೆ, ಕೀವು ಕಟ್ಟಿದೆ, ಅದೇ ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಅಪ್ಪನ ಕೋಲು ಕಳೆದುಹೋಯಿತು ಅಂತ ಬರೆದಿದ್ದೆ. ನೀನು ಆಲಿಕಲ್ಲಿನ ವಿಷಯ ಬರೆದೆ, ಮಂಡಿ ವಿಷಯ ಬರೆದೆ, ಫೋಟೋ ವಿಷಯ ಬರೆದೆ. ಅಪ್ಪನ ಕೋಲಿಗೆ ಒಂದು 'ಅಯ್ಯೋ' ಅನ್ನಲಿಲ್ಲ. ಅಪ್ಪ ಸತ್ತ ಮೇಲೆ ಅದನ್ನು ಹಿಡಿದು ಓಡಾಡಿದವನು ನೀನು. ನಡು ನಿಲ್ದಾಣದಲ್ಲಿ ನನ್ನ ಕೈಗೆ ಕೊಡುವಾಗಲೂ ಮಗುವನ್ನು ಕೊಡುವ ಹಾಗೆ ಕೊಡುತ್ತಿದ್ದೆ.

ಯಾಕೆ ಅನ್ನಲಿಲ್ಲ?

ಗಿಜಿ


ಶಾರ್‌ಕುತ್, ಆಗಸ್ಟ್ 22

ದೆಜೋ,

ಉತ್ತರ ಬರುತ್ತದೆ ಅಂತ ಕಾದೆ. ಅಂಚೆಯವನು ಗೇಟಿನ ಮುಂದೆ ಸೈಕಲ್ ನಿಲ್ಲಿಸದೆ ತಲೆ ಅಲ್ಲಾಡಿಸಿಕೊಂಡು ಹೋಗುವುದು ಅಭ್ಯಾಸವಾಗಿಬಿಟ್ಟಿದೆ. ಸರಿ, ನೀನು ಬರೆಯದಿದ್ದರೆ ನಾನೇ ಬರೆಯುತ್ತೇನೆ. ನಾನು ಬರೆದದ್ದರಲ್ಲಿ ಸುಳ್ಳಿದ್ದರೆ ಬಂದು ನನ್ನ ಮುಖಕ್ಕೆ ಉಗಿ.

ಕಳೆದ ಅಕ್ಟೋಬರಿನಲ್ಲಿ, ನಿನ್ನ ನಿವೃತ್ತಿಯ ದಿನ, ಕೊನೆಯ ಗಾಡಿ ಓಡಿಸಿದವನು ನೀನು. ಬ್ಯಾಂಡು ಬಾರಿಸಿದರು, ಚೆಸ್ಟ್‌ನಟ್ ಕೇಕು ಕತ್ತರಿಸಿದರು, ನಿನಗೊಂದು ಗಡಿಯಾರ ಕೊಟ್ಟರು. ಆ ಗಡಿಯಾರ ನಿನಗೆ ಸಾಲಲಿಲ್ಲ. ಅಪ್ಪನ ಕೋಲನ್ನು ಕೋಟಿನೊಳಗೆ ಸೇರಿಸಿಕೊಂಡು ಹೋದೆ. ಅದು ನಿನ್ನೊಬ್ಬನ ಅಪ್ಪನದಾ? ನಾನು ಯಾರಿಗೆ ಹುಟ್ಟಿದವಳು? ಕೇಳಿದ್ದರೆ ನಿರ್ದೇಶಕನ ಹತ್ತಿರ ಜಗಳವಾಡಿಯಾದರೂ ನಿನಗೆ ಕೊಡಿಸುತ್ತಿದ್ದೆ, ಮಾರ್ಚಿನಲ್ಲಿ ಎಲ್ಲರಿಗೂ ಗೊತ್ತಿದ್ದೇ ಹೊಸದು ಮಾಡಿಸುತ್ತಿದ್ದೆವು. ಕೇಳುವ ಬಾಯಿ ನಿನಗೆ ಯಾವತ್ತೂ ಇರಲಿಲ್ಲ. ಚಿಕ್ಕಂದಿನಲ್ಲಿ ಜಾಮಿನ ಸೀಸೆ ಒಡೆದಾಗಲೂ ಚೂರುಗಳನ್ನು ಸೀಸೆಯ ಆಕಾರಕ್ಕೆ ಜೋಡಿಸಿ ಮತ್ತೆ ಕಪಾಟಿನಲ್ಲಿ ಇಟ್ಟವನು. ಅಮ್ಮನ ಕೈ ಕೊಯ್ದುಕೊಂಡಿತು, ನೀನು ಅಂಗಳದಲ್ಲಿ ಆಡುತ್ತಿದ್ದೆ.

ಚಳಿಗಾಲವೆಲ್ಲ ಅದು ನಿನ್ನ ಗೂಡಿನ ಗೋಡೆಯ ಮೇಲಿತ್ತೋ, ಹಾಸಿಗೆ ಕೆಳಗಿತ್ತೋ. ಮನಸ್ಸು ಚುಚ್ಚಿರಬೇಕು. ಅಷ್ಟು ಒಳ್ಳೆಯತನ ನಿನ್ನಲ್ಲಿದೆ ಅಂತ ಒಪ್ಪುತ್ತೇನೆ. ಏಪ್ರಿಲ್ ಕೊನೆಯ ದಿನ ನನ್ನ ಮನೆಗೆ ಬಂದೆ. ಉದ್ದನೆ ಚೀಲ ಹೆಗಲಿಗಿತ್ತು. "ಮೀನು ಗಾಳ" ಅಂದೆ. ಊಟ ಆದ ಮೇಲೆ "ಗುಡ್ಡದ ತನಕ ಒಂಚೂರು ನಡೆದು ಬರ್ತೀನಕ್ಕ" ಅಂದೆ. ಮಂಡಿ ನೋವಿನವನು ಗುಡ್ಡ ಹತ್ತಿದೆ. ವಾಪಸ್ ಬಂದಾಗ ಚೀಲ ಮಡಚಿ ಕಂಕುಳಲ್ಲಿತ್ತು. ನನಗೆ ಹೊಳೆಯಲಿಲ್ಲ, ಹಳೆಯ ಜಾಗ ನೋಡಲು ಹೋಗಿದ್ದಾನೆ ಪಾಪ ಅಂದುಕೊಂಡೆ.

ಹೊಸ ಕೋಲು ಮಾಡಿಸಿದ್ದು ನಿನಗೆ ಗೊತ್ತಿರಲಿಲ್ಲ. ಒಪ್ಪಿದೆ. ಸದ್ದಿಲ್ಲದೆ ಕೊಕ್ಕೆಗೆ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ, ಇಲ್ಲೇ ಇತ್ತಲ್ಲ ಅಂದುಕೊಳ್ಳುತ್ತಾರೆ ಅಂತ ನಿನ್ನ ಲೆಕ್ಕ. ಅಪ್ಪ ನಮಗೆ ಏನು ಹೇಳಿಕೊಟ್ಟಿದ್ದ? ಕೋಲು ಕೊಡುವವನು "ಗುಡ್ಡದ ಕೋಲು" ಅಂತ ಬಾಯಿಬಿಟ್ಟು ಅನ್ನಬೇಕು, ತಗೊಂಡವನು "ಗುಡ್ಡದ ಕೋಲು" ಅಂತ ತಿರುಗಿ ಅನ್ನಬೇಕು. ಕೈಯಿಂದ ಕೈಗೆ. ನನ್ನ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದೆ. ಕಳ್ಳ ಅನ್ನುತ್ತಿದ್ದೆ. ಆಮೇಲೆ ಸೂಪು ಬಿಸಿ ಮಾಡಿ ಹಾಕುತ್ತಿದ್ದೆ. ನನ್ನ ಬೈಗುಳ ತಪ್ಪಿಸಿಕೊಳ್ಳಲು ಒಂದೇ ಹಳಿಗೆ ಎರಡು ಕೋಲು ಮಾಡಿದೆ.

ಇಲ್ಲಿಯತನಕ ದಡ್ಡತನ. ದಡ್ಡತನಕ್ಕೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಹಬ್ಬದ ಬೆಳಿಗ್ಗೆ ನಾನು ಬಾಲಿಂತ್‌ಗೆ ಕೋಲು ಕೊಟ್ಟೆನಲ್ಲ, ಗಟ್ಟಿಯಾಗಿ "ಗುಡ್ಡದ ಕೋಲು" ಅಂದೆ, ಅವನೂ ಅಂದ. ನೀನು ಮುಂದಿನ ಬೋಗಿಯಲ್ಲಿ ಟೋಪಿ ಹಾರಿಸುತ್ತಾ ನಗುತ್ತಿದ್ದವನು ಆ ಕೋಲು ನೋಡಿದೆ. ನಗು ನಿಂತಿತು. ಮುಖ ಸುಣ್ಣ ಬಳಿದ ಹಾಗಾಯಿತು. ನಾನು ಅಂದುಕೊಂಡೆ, ತನ್ನ ಎಂಜಿನ್ನನ್ನು ಬೇರೆಯವನು ಓಡಿಸುತ್ತಿದ್ದಾನೆ ಅಂತ ಸಂಕಟ. ಕೈ ಬೀಸಿದೆ ನಿನಗೆ, ಮುದ್ದು ಬಂದು. ನಿನಗೆ ಆ ಕ್ಷಣವೇ ಗೊತ್ತಾಯಿತು, ದೆಜೋ. ಕೆಳಗೊಂದು ಕೋಲು, ಮೇಲೊಂದು ಕೋಲು, ಮೇಲೆ ಎಮೋಕೆ. ಗಾಡಿ ಇನ್ನೂ ನಿಂತಿತ್ತು. ಮೇಯರು ಬಾಟಲಿ ಒಡೆಯುತ್ತಿದ್ದ, ಬ್ಯಾಂಡಿನವರು ಬಾರಿಸುತ್ತಿದ್ದರು, ನಿನ್ನ ಪಕ್ಕದಲ್ಲಿ ವಿಲ್ಮಾ ನೇನಿ ಹೊಸ ಹೂವಿನ ಅಂಗಿ ಹಾಕಿಕೊಂಡು ಕೂತಿದ್ದಳು. "ನಿಲ್ಲಿಸಿ" ಅನ್ನಬಹುದಿತ್ತು. ಒಂದು ಮಾತು. ಅಷ್ಟು ಜನರ ಮುಂದೆ ಯಾಕೆ ಅಂತ ಕೇಳಿದರೆ ಏನು ಹೇಳುವುದು ಅಂತ ಬಾಯಿ ಮುಚ್ಚಿಕೊಂಡೆ. ನಾವು ಮೇಲೆ ಹೋಗುವತನಕ ಅವಳು ಹೊರಡಲ್ಲ ಬಿಡು ಅಂದುಕೊಂಡೆಯಾ? ಕೋಲು ಕೈಗೆ ಬಂದರೆ ಹೊರಡು, ಯಾರನ್ನೂ ಕೇಳಬೇಡ ಅಂತ ಅವಳಿಗೆ ಕಲಿಸಿದವನೇ ನೀನು.

ಗುದ್ದಿದ ಮೇಲೆ ಎಲ್ಲರಿಗಿಂತ ಮೊದಲು ಓಡಿದೆ. ಮಗಳ ಹಾಗೆ ನೋಡಿಕೊಳ್ಳುತ್ತಾನೆ ಅಂತ ಊರೆಲ್ಲ ಹೊಗಳಿತು. ನಾನು ನಡು ನಿಲ್ದಾಣದಿಂದ ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ನೀನು ಅವಳ ಎಂಜಿನ್ನಿನಿಂದ ಇಳಿಯುತ್ತಿದ್ದೆ. ಆ ಸುಡು ಬಿಸಿಲಲ್ಲಿ, ಗಂಡಸರೆಲ್ಲ ಅಂಗಿ ತೋಳು ಮಡಚಿಕೊಂಡಿದ್ದಾಗ, ನೀನು ಕೋಟಿನ ಗುಂಡಿಗಳನ್ನೆಲ್ಲ ಕುತ್ತಿಗೆತನಕ ಹಾಕಿಕೊಂಡಿದ್ದೆ. ಎಡಗೈ ಪಕ್ಕೆಗೆ ಒತ್ತಿ ಹಿಡಿದಿದ್ದೆ. "ಏಟಾಯ್ತೇನೋ?" ಅಂತ ಕೇಳಿದೆ. "ಏನಿಲ್ಲಕ್ಕ" ಅಂದೆ.

ಆ ಹುಡುಗಿಯ ಬಾಯಲ್ಲಿ ರಕ್ತ ಸುರಿಯುತ್ತಿತ್ತು. ನೀನು ಬಗ್ಗಿದ್ದು ಅವಳನ್ನು ಎತ್ತಲು ಅಲ್ಲ.

ಮೊನ್ನೆ ಇಪ್ಪತ್ತನೇ ತಾರೀಖಿನ ಹಬ್ಬಕ್ಕೆ ನಿರ್ದೇಶಕ ಹೊಸ ಸುದ್ದಿ ಹೇಳಿದ, ದೊಡ್ಡ ಎಂಜಿನ್ನಿಗೆ ನಿನ್ನ ಹೆಸರು ಇಡುತ್ತಾರಂತೆ. ಹಿತ್ತಾಳೆ ಫಲಕ ಬರೆಸಿದ್ದಾಗಿದೆ. ನಾನು ಅರ್ಧದಲ್ಲೇ ಎದ್ದು ಹೊರಟೆ. ಬಿಸಿಲು ಹೆಚ್ಚಾಯಿತು ಅಂತ ನೆರಳಲ್ಲಿ ಕೂರಿಸಿದರು.

ನಾನಿನ್ನೂ ಯಾರಿಗೂ ಹೇಳಿಲ್ಲ. ಎಮೋಕೆಗೂ ಇಲ್ಲ. ಅವಳ ಮುಂದೆ ನಿಂತು ಲಾಂಗೋಶ್ ತಗೊಳ್ಳುತ್ತೇನೆ, ಮೂಲೆ ತಿರುಗಿದ ಮೇಲೆ ನಾಯಿಗೆ ಹಾಕುತ್ತೇನೆ. ನೀನೇ ಬಂದು ಹೇಳುತ್ತೀ ಅಂತ ಕಾಯುತ್ತಿದ್ದೇನೆ. ಬಾ. ಬಂದು ಹೇಳು. ಆಮೇಲೆ ಏನು ಬೈಯಬೇಕೋ ಬೈದು, ನಿನ್ನ ಪಕ್ಕದಲ್ಲಿ ನಾನು ನಿಲ್ಲುತ್ತೇನೆ.

ಗಿಜಿ


ಕಿಶ್‌ಬೊರೊಶ್, ಸೆಪ್ಟೆಂಬರ್ 16

ಅಕ್ಕ,

ನಿನ್ನ ಕಾಗದ ಓದಿದೆ. ಕುಯ್ಲಿನ ಸಮಯ, ಕೂಲಿಯವರಿಗೆ ಅಡುಗೆ, ಪೀಪಾಯಿ ತೊಳೆಯುವುದು, ಇದರಲ್ಲಿ ಬರೆಯಲು ಆಗಿರಲಿಲ್ಲ. ಈ ವರ್ಷ ಹಣ್ಣು ಕಡಿಮೆ, ಆದರೆ ಸಿಹಿ ಚೆನ್ನಾಗಿದೆ.

ಆಗಿದ್ದು ಆಗಿಹೋಯಿತು. ಯಾರು ಏನು ಹೇಳಿದರೂ ವಿಲ್ಮಾ ನೇನಿಯ ಮೂಳೆ ಕೂಡುವುದಿಲ್ಲ. ಎಮೋಕೆಗೆ ಇಪ್ಪತ್ತೊಂಬತ್ತು ವರ್ಷ, ಇನ್ನೊಂದು ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ, ಮರೆತುಹೋಗುತ್ತದೆ. ನನಗೆ ಇನ್ನೇನು ಉಳಿದಿದೆ ಹೇಳು. ಆ ಗಾಡಿಯನ್ನು ನಾನು ಓಡಿಸಿದ್ದು, ನನ್ನನ್ನು ಕಂಡರೆ ಊರಿನವರು ಟೋಪಿ ತೆಗೆಯುವುದು, ಇಷ್ಟೇ ಅಲ್ಲವಾ ನನ್ನ ಹತ್ತಿರ ಇರುವುದು.

ನಾವಿಬ್ಬರೇ ಉಳಿದಿರುವುದು ಅಕ್ಕ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅಪ್ಪ ಇದ್ದಿದ್ದರೆ ನಿನಗೆ ಏನು ಹೇಳುತ್ತಿದ್ದ, ಯೋಚನೆ ಮಾಡು.

ನಿದ್ದೆ ಬರುವುದಿಲ್ಲ.

ದೆಜೋ


ಶಾರ್‌ಕುತ್, ಅಕ್ಟೋಬರ್ 15

ದೆಜೋ,

ಶುಕ್ರವಾರ ಅಂಚೆಯವನು ಮತ್ತೆ ಸೈಕಲ್ ನಿಲ್ಲಿಸಿದ. "ನೇನಿ, ಯಾರೋ ನಿಮಗೆ ಸಾಸೇಜು ಕಳಿಸಿದಾರೆ, ಭಾರಿ ಉದ್ದ ಇದೆ" ಅಂದ. ಬಟ್ಟೆ ಸುತ್ತಿ, ಅದರ ಮೇಲೆ ಪತ್ರಿಕೆ ಸುತ್ತಿ, ಬಳ್ಳಿ ಕಟ್ಟುವ ಹುರಿಯಿಂದ ನೀನು ಬಿಗಿದಿದ್ದೆ. ಬಿಚ್ಚಿದೆ. ಮೊದಲು ಕೋಲಿಗಿಂತ ಹೆಚ್ಚಾಗಿ ಕಾಗದ ಹುಡುಕಿದೆ. ಬಟ್ಟೆ ಕೊಡವಿದೆ, ಪತ್ರಿಕೆಯ ಪುಟಪುಟ ತಿರುವಿದೆ. ಒಂದಕ್ಷರ ಇಲ್ಲ.

ಒಂದು ತುದಿ ಸುಟ್ಟು ಕಪ್ಪಾಗಿದೆ. ನೀನು ಒಲೆಗೆ ಇಟ್ಟು ಎಳೆದುಕೊಂಡೆ ಅಂತ ಗೊತ್ತಾಯಿತು. ಎಳೆದುಕೊಂಡೆಯಲ್ಲ, ಅದಕ್ಕೋಸ್ಕರ ಇನ್ನೂ ನಿನಗೆ ಬರೆಯುತ್ತಿದ್ದೇನೆ.

ಅಪ್ಪ ಏನು ಹೇಳುತ್ತಿದ್ದ ಅಂತ ನೀನು ಕೇಳಿದ್ದೆ. ಕೋಲನ್ನು ಅಂಚೆಯಲ್ಲಿ ಹಾಕಿದವನನ್ನು ಅಪ್ಪ ಗಾಡಿಯ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಮೊದಲು ಕೊಕ್ಕೆಗೆ ಹಾಕಿ ಓಡಿದೆ, ಈಗ ನನ್ನ ಬಾಗಿಲಿಗೆ ಹಾಕಿ ಓಡಿದೆ. ಕೈಯಿಂದ ಕೈಗೆ ಕೊಡಲು ನಿನಗೆ ಹುಟ್ಟಿದಾಗಿಂದ ಬರಲಿಲ್ಲ.

ಇದನ್ನು ನಾನು ತಗೊಂಡು ಹೋಗಿ ಕೋರ್ಟಿನ ಮೇಜಿನ ಮೇಲಿಟ್ಟರೆ ಏನಂತಾರೆ ಗೊತ್ತಾ? ಎಮೋಕೆ ಮೇಲೆ ಮರುಕಕ್ಕೆ ಮುದುಕಿ ಎಲ್ಲೋ ಬಚ್ಚಿಟ್ಟಿದ್ದನ್ನು ತಂದಳು ಅಂತಾರೆ. ಇಲ್ಲವಾದರೆ, ಗೊತ್ತಿದ್ದೂ ಇಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು ಅಂತಾರೆ. ಎರಡನೆಯದು ನಿಜ ಕೂಡ. ಕೋಲಿಗೆ ಬಾಯಿಲ್ಲ. ಎಲ್ಲಿಂದ ಬಂತು, ಯಾರು ತಗೊಂಡರು, ಯಾವಾಗ ನೇತುಹಾಕಿದರು, ಅದನ್ನು ಹೇಳಲು ನಿನ್ನ ಬಾಯಿ ಬೇಕು.

ಭಾನುವಾರ ಎಮೋಕೆಯನ್ನು ಮನೆಗೆ ಕರೆದೆ. ಹಣ್ಣು ಹಾಕಿದ ಕಡುಬು ಬೇಯಿಸಿದ್ದೆ, ಪ್ಲಮ್ಮಿನದು. ತಿನ್ನಲು ಬಿಡದೆ ಮೊದಲೇ ಕಣ್ಣು ಮುಚ್ಚು ಅಂದೆ. "ಏನ್ ನೇನಿ, ಹುಟ್ಟುಹಬ್ಬನಾ?" ಅಂತ ನಕ್ಕಳು. ಆ ಹಲ್ಲಿನ ಸಂದು ಇನ್ನೂ ಹಾಗೇ ಇದೆ. ಕೈಗೆ ಕೋಲು ಕೊಟ್ಟೆ. "ಗುಡ್ಡದ ಕೋಲು" ಅಂದೆ.

ಅವಳು ತಿರುಗಿ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿದಳು. ಎಷ್ಟೋ ಹೊತ್ತು. ಆಮೇಲೆ ಕಣ್ಣು ಬಿಟ್ಟಳು, ಕೋಲನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಎಲ್ಲ ಹೇಳಿದೆ. ಒಂದು ಮಾತೂ ಬಿಡಲಿಲ್ಲ, ನಾನು ಆಗಸ್ಟಿನಿಂದ ನುಂಗಿಕೊಂಡಿದ್ದೂ ಸೇರಿ. ಕಿರುಚುತ್ತಾಳೆ, ತಟ್ಟೆ ಎತ್ತಿ ಎಸೆಯುತ್ತಾಳೆ ಅಂದುಕೊಂಡೆ. ಎಸೆದಿದ್ದರೆ ನನಗೂ ಸಮಾಧಾನವಾಗುತ್ತಿತ್ತು.

"ಅವರು ನನ್ನ ತಲೆ ಹಿಡ್ಕೊಂಡಿದ್ರು ನೇನಿ," ಅಂದಳು. "ಒಂದು ಕೈಲಿ. 'ಏನೂ ಆಗಿಲ್ಲ ಮಗಳೇ, ಏನೂ ಆಗಿಲ್ಲ' ಅಂತಿದ್ರು. ಇನ್ನೊಂದು ಕೈ ಎಲ್ಲಿತ್ತು ಅಂತ ನಾನು ಯೋಚನೇನೇ ಮಾಡ್ಲಿಲ್ಲ."

ಕಡುಬು ತಣ್ಣಗಾಗಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಳು:

"ಅವರು ಬರ್ತಾರಾ?"

ಎಪ್ಪತ್ತೆರಡು ವರ್ಷದ ಹೆಂಗಸು ನಾನು, ಸ್ವಂತ ತಮ್ಮ ಏನು ಮಾಡುತ್ತಾನೆ ಅಂತ ಹೇಳಲಾರದೆ ಬಾಗಿಲ ಚಿಲಕ ಹಿಡಿದು ನಿಂತಿದ್ದೆ.

ನವೆಂಬರ್ ಆರಕ್ಕೆ ಕೋರ್ಟಿದೆ. ಕೋಲು ನನ್ನ ಕಪಾಟಿನಲ್ಲಿದೆ. ನೀನು ಬಂದರೆ ನಿನ್ನ ಕೈಗೆ ಕೊಡುತ್ತೇನೆ, ನೀನು ತಗೊಂಡು ಹೋಗಿ ಅವರ ಕೈಗೆ ಕೊಡು, ಬಾಯಿಬಿಟ್ಟು ಹೇಳು. ನೀನು ಬರದಿದ್ದರೂ ಕೋಲು ಅಲ್ಲಿಗೆ ಹೋಗುತ್ತದೆ. ನಾನು ಹೊರುತ್ತೇನೆ. ನಂಬಲಿ ಬಿಡಲಿ, ನನ್ನ ತಮ್ಮ ಕದ್ದ, ನನ್ನ ತಮ್ಮ ನೇತುಹಾಕಿದ, ನನ್ನ ತಮ್ಮ ನೋಡಿಯೂ ಸುಮ್ಮನಿದ್ದ ಅಂತ ನಾನೇ ಹೇಳುತ್ತೇನೆ. ನೀನು ಬರಲ್ಲ ಅಂದರೆ ನವೆಂಬರ್ ಒಂದಕ್ಕೆ ಅಪ್ಪ ಅಮ್ಮನ ಗೋರಿಗೆ ಮೇಣದಬತ್ತಿ ಹಚ್ಚಲು ನನ್ನ ಜೊತೆ ಬರಬೇಡ. ಮೇಲಿನ ಗೇಟಿನಿಂದ ಬಾ, ನಾನು ಕೆಳಗಿನದರಿಂದ ಬರುತ್ತೇನೆ. ಸೇವಂತಿಗೆ ಹೂವೂ ಬೇರೆ ಬೇರೆ ತರೋಣ.

ಎಮೋಕೆಗೆ ಉತ್ತರ ಕೊಡಬೇಕು ನಾನು. ದ್ರಾಕ್ಷಿಯ ವಿಷಯ ಬೇಡ, ಮಂಡಿಯ ವಿಷಯ ಬೇಡ, ನಿದ್ದೆಯ ವಿಷಯವೂ ಬೇಡ. ಬರುತ್ತೀಯಾ, ಇಲ್ಲವಾ. ಅಕ್ಟೋಬರ್ ಇಪ್ಪತ್ತೆಂಟರೊಳಗೆ ನನಗೆ ಉತ್ತರ ತಲುಪಬೇಕು.

ಗಿಜೆಲ್ಲಾ,
ನಡು ನಿಲ್ದಾಣ